ಮಾನಿಟರ್ ಇಲ್ಲದ ಪೈ ಯಾವ ಐಪಿಯಲ್ಲಿ ಕೂತಿದೆ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟ. ಕಣದ ಪಕ್ಕದ ಗೋಡೌನಿನಲ್ಲಿ ತೇವಾಂಶ ನೋಡಿಕೊಳ್ಳೋಕೆ ಒಂದು ರಾಸ್ಪ್‌ಬೆರ್ರಿ ಪೈ (ಅಂಗೈಯಗಲದ ಪುಟ್ಟ ಕಂಪ್ಯೂಟರ್) ಇಟ್ಟಿದ್ದೇನೆ. ಅದಕ್ಕೆ ಮಾನಿಟರ್, ಕೀಬೋರ್ಡ್ ಏನೂ ಇಲ್ಲ. ಮೊನ್ನೆ ಕರೆಂಟ್ ಹೋಗಿ ಬಂದ ಮೇಲೆ ಹಳೇ ಐಪಿಯಲ್ಲಿ, ಅಂದರೆ ನೆಟ್‌ವರ್ಕಿನಲ್ಲಿ ಅದಕ್ಕಿದ್ದ ವಿಳಾಸದ ನಂಬರಿನಲ್ಲಿ, ಸಿಗ್ತಾ ಇಲ್ಲ. ಹೊಸ ಐಪಿ ಪತ್ತೆ ಮಾಡೋದು ಹೇಗೆ?

ಉತ್ತರ: ನಂಬರ್ ಆಮೇಲೆ ಹುಡುಕೋಣ, ಮೊದಲು ಹೆಸರು ಹಿಡಿದು ಕರೆಯಿರಿ. ಅದೇ ವೈಫೈಯಲ್ಲಿರುವ ಲ್ಯಾಪ್‌ಟಾಪಿನ ಕಮಾಂಡ್ ಕಿಟಕಿಯಲ್ಲಿ ‘ಪಿಂಗ್ ರಾಸ್ಪ್‌ಬೆರ್ರಿಪೈ.ಲೋಕಲ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಿರಿ. ಪೈಯ ಮೆಮೊರಿ ಕಾರ್ಡ್ ಸಿದ್ಧ ಮಾಡುವಾಗ ಬೇರೆ ಹೆಸರು ಕೊಟ್ಟಿದ್ದರೆ ಆ ಹೆಸರು, ಮುಂದೆ ಚುಕ್ಕೆ, ಲೋಕಲ್. ಪೈ ಒಳಗಿನ ಅವಾಹಿ ಎಂಬ ಪ್ರೋಗ್ರಾಮ್ ‘ಆ ಹೆಸರಿನವನು ನಾನೇ’ ಎಂದು ಉತ್ತರ ಕೊಡುತ್ತದೆ. ವಿಂಡೋಸ್‌ನಲ್ಲಿ ಎಫ್‌ಇ80 ಎಂದು ಶುರುವಾಗುವ ಉದ್ದನೆಯ ಸಂಖ್ಯೆ ಬಂದರೆ ಗಾಬರಿ ಬೇಡ, ಅದು ಐಪಿವಿ6, ಅಂದರೆ ಹೊಸ ಬಗೆಯ ಐಪಿ. ಪಿಂಗ್ ಆದ ಮೇಲೆ ಜಾಗ ಬಿಟ್ಟು ‘-4’ ಸೇರಿಸಿದರೆ ನಮಗೆ ಗೊತ್ತಿರುವ ನಾಲ್ಕು ತುಂಡಿನ ನಂಬರ್ ಸಿಗುತ್ತದೆ.

ಹೆಸರಿಗೆ ಓಗೊಡದಿದ್ದರೆ ರೂಟರನ್ನೇ ಕೇಳಿ. ನಂಬರ್ ಹಂಚುವುದೇ ಅದು, ಅಲ್ವಾ? ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಹಾಕಿ. ಎರಡೂ ತೆರೆಯದಿದ್ದರೆ ಫೋನಿನ ವೈಫೈ ವಿವರದಲ್ಲಿ ‘ಗೇಟ್‌ವೇ’ ಎದುರಿಗಿರುವ ನಂಬರ್ ಹಾಕಿ. ಪಾಸ್‌ವರ್ಡ್ ಸಾಮಾನ್ಯವಾಗಿ ರೂಟರಿನ ತಳದ ಚೀಟಿಯಲ್ಲೇ ಇರುತ್ತದೆ. ಒಳಗೆ ಡಿಎಚ್‌ಸಿಪಿ ಪಟ್ಟಿ, ಅಂದರೆ ಯಾರಿಗೆ ಯಾವ ನಂಬರ್ ಕೊಟ್ಟಿದೆ ಎಂಬ ಪಟ್ಟಿ, ನೋಡಿ. ಹೆಸರು ಕಾಣದಿದ್ದರೆ ಮ್ಯಾಕ್ ವಿಳಾಸದ (ತಯಾರಾಗುವಾಗಲೇ ಯಂತ್ರಕ್ಕೆ ಕೊಟ್ಟ ಗುರುತಿನ ಸಂಖ್ಯೆ) ಶುರು ನೋಡಿ: ಹಳೇ ಪೈಗಳದ್ದು ಬಿ8:27:ಇಬಿ, ಪೈ 4ರಲ್ಲಿ ಹಲವಕ್ಕೆ ಡಿಸಿ:ಎ6:32.

ಪೈ ಸಿಕ್ಕಿತು ಅಂತ ಪುಟ ಮುಚ್ಚಬೇಡಿ. ಅಲ್ಲೇ ‘ಅಡ್ರೆಸ್ ರಿಸರ್ವೇಶನ್’ ಎಂಬುದಿರುತ್ತದೆ. ಈ ಮ್ಯಾಕ್‌ಗೆ ಯಾವಾಗಲೂ ಇದೇ ನಂಬರ್ ಎಂದು ಬರೆದಿಡಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಎಷ್ಟು ಸಲ ಹೋಗುತ್ತೆ ಅಂತ ಲೆಕ್ಕ ಇಡೋರು ಯಾರು! ಆಫ್ ಆದಾಗ ರೂಟರ್ ಹಳೇ ಲೆಕ್ಕ ಮರೆತರೆ, ನಿಮ್ಮ ಪೈಯ ನಂಬರನ್ನು ಇನ್ಯಾರದೋ ಫೋನಿಗೆ ಕೊಟ್ಟುಬಿಡಬಹುದು. ಪೈ ಒಳಗೇ ನಂಬರ್ ಗಟ್ಟಿ ಮಾಡುವವರೂ ಇದ್ದಾರೆ. ನನಗೆ ಅದು ಇಷ್ಟವಿಲ್ಲ, ರೂಟರ್ ಬದಲಾದ ದಿನ ಪೈ ಮತ್ತೆ ಕಳೆದುಹೋಗಬಹುದು.

ರೂಟರ್ ಪಾಸ್‌ವರ್ಡೇ ಇಲ್ಲವೇ? ಫೋನಿಗೆ ಫಿಂಗ್ ಆ್ಯಪ್ ಹಾಕಿ, ವೈಫೈಯಲ್ಲಿ ಇರುವವರನ್ನೆಲ್ಲ ತೋರಿಸುತ್ತದೆ.

ಎಲ್ಲೂ ಕಾಣದಿದ್ದರೆ ಪೈ ನೆಟ್‌ವರ್ಕಿಗೇ ಬಂದಿಲ್ಲ ಅನ್ನಿ. ಪೈ 3ಬಿ, ಝೀರೋ ಡಬ್ಲ್ಯೂಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. 5 ಗಿಗಾಹರ್ಟ್ಸ್ ಹೆಸರು ಕೊಟ್ಟಿದ್ದರೆ ಎಷ್ಟು ಕಾದರೂ ಬರೋದಿಲ್ಲ. 3ಬಿಗಾದರೆ ಒಂದು ಲ್ಯಾನ್ ಕೇಬಲ್ ಚುಚ್ಚಿ ನೋಡಿ.

ನನ್ನದೇ ಪೆದ್ದುತನ ಒಂದು ಹೇಳ್ತೀನಿ. ಚಿಕ್ಕಮಗಳೂರಿನ ಮನೆಯಲ್ಲಿ ಒಂದು ಸಂಜೆ ಪೂರ್ತಿ ಹುಡುಕಿದೆ. ಕೊನೆಗೆ ಅಮ್ಮ ಸೀರಿಯಲ್ ನೋಡ್ತಿದ್ದ ಟೀವಿಯ ಎಚ್‌ಡಿಎಂಐ ಕೇಬಲ್ ಕಿತ್ತು ಪೈಗೆ ಹಾಕಿ, ಟೀವಿ ಪರದೆಯಲ್ಲೇ ನೋಡಿದೆ. ಅದು ಆರಾಮಾಗಿ ವೈಫೈಯಲ್ಲೇ ಇತ್ತು. ನೆಂಟರಿಗೆಂದು ಬೇರೆಯೇ ಇಟ್ಟಿದ್ದ ಗೆಸ್ಟ್ ವೈಫೈಗೆ ಹೋಗಿ ಕೂತಿದ್ದದ್ದು ನನ್ನ ಲ್ಯಾಪ್‌ಟಾಪ್.