ಕಾಪಿ ಬರೆಸುವ ಮುಂಚೆ ತೊಗರಿಕಾಯಿ ಸುಲಿಸಿ

ಐದು ವರ್ಷದ ಮಗು ಪೆನ್ಸಿಲ್ ಹಿಡಿದರೆ ತೋರುಬೆರಳಿನ ಉಗುರು ಬೆಳ್ಳಗಾಗುತ್ತದೆ, ಹಾಳೆಯ ಹಿಂದೆ ಅಕ್ಷರದ ಅಚ್ಚು ಮೂಡುತ್ತದೆ. ಅರ್ಧ ಸಾಲಿಗೇ ‘ಕೈ ನೋಯ್ತದ’ ಎನ್ನುತ್ತದೆ. ಮನೆಯವರು ಸೋಮಾರಿತನವೆಂದು ಇನ್ನೊಂದು ಪುಟ ಕಾಪಿ ಬರೆಸುತ್ತಾರೆ. ಬಿಗಿ ಹಿಡಿತ ಹೀಗೆ ಇನ್ನಷ್ಟು ರೂಢಿಯಾಗುತ್ತದೆ, ಅಷ್ಟೇ.

ಮುಷ್ಟಿ ಬಿಗಿಯುವ ದೊಡ್ಡ ಸ್ನಾಯುಗಳಿರುವುದು ಮುಂಗೈಯಲ್ಲಿ. ಪೆನ್ಸಿಲ್ಲನ್ನು ನವಿರಾಗಿ ತಿರುಗಿಸುವಾಗ ಅಂಗೈಯೊಳಗಿನ ಸಣ್ಣ ಸ್ನಾಯುಗಳೂ ದುಡಿಯಬೇಕು. ಅವು ಸೋತರೆ ಮಗು ಒತ್ತಿ ಹಿಡಿಯುತ್ತದೆ. ಬೆರಳಿನ ಬದಲು ಮಣಿಕಟ್ಟು ಓಡಾಡುತ್ತದೆ. ಕನ್ನಡದ ರ, ಠ, ಅ ಅಕ್ಷರಗಳಲ್ಲಿ ಇದು ಕೂಡಲೇ ಬಯಲಾಗುತ್ತದೆ: ಸುತ್ತು ಅರ್ಧಕ್ಕೇ ಮೂಲೆಯಾಗಿ ಮುರಿಯುತ್ತದೆ.

ಈ ಸಣ್ಣ ಸ್ನಾಯುಗಳನ್ನು ಪಳಗಿಸಲು ಕಲಬುರಗಿ ಸೀಮೆಯಲ್ಲಿ ದುಬಾರಿ ಆಟಿಕೆ ಬೇಕಿಲ್ಲ. ಎಳ್ಳಮಾಸಿ (ಎಳ್ಳು ಅಮಾವಾಸ್ಯೆ) ಹೊತ್ತಿಗೆ ಹಸಿ ತೊಗರಿಕಾಯಿ ಮನೆಗೆ ಬಂದಿರುತ್ತದೆ. ಒಂದು ಬೊಗಸೆ ಸಾಕು. ಹೆಬ್ಬೆರಳು, ತೋರುಬೆರಳ ತುದಿಯಿಂದ ಕಾಯಿಯ ಅಂಚನ್ನು ಒತ್ತಿ ಬಿಡಿಸಲಿ, ಹಲ್ಲು ಹಚ್ಚುವುದು ಬೇಡ. ಎರಡು ಬೆರಳ ನಡುವೆ ದುಂಡನೆಯ ಕಿಂಡಿ ಕಾಣಬೇಕು. ಹೆಬ್ಬೆರಳು ತೋರುಬೆರಳ ಪಕ್ಕಕ್ಕೆ ಜಾರಿದರೆ ಕಿಂಡಿ ಮುಚ್ಚುತ್ತದೆ, ಪೆನ್ಸಿಲ್ಲಿಗೆ ಬೇಕಾದ ಹಿಡಿತ ತಪ್ಪುತ್ತದೆ. ಬೆರಳ ತುದಿಯ ಗೆಣ್ಣು ಒಳಕ್ಕೆ ಕುಸಿದರೆ ಆ ಬೆರಳಿಗೆ ಕಾಯಿ ಗಟ್ಟಿಯಾಯಿತೆಂದು ತಿಳಿಯಿರಿ. ಉಪ್ಪು ಹಾಕಿ ಕುದಿಸಿದ ಕಾಯಿಯಿಂದ ಶುರುಮಾಡಿ. ರೂಢಿಯಾದ ಮೇಲೆ ಸುಲಿದ ಎರಡು ಕಾಳನ್ನು ಉಂಗುರಬೆರಳು, ಕಿರುಬೆರಳಿನಿಂದ ಅಂಗೈಗೆ ಒತ್ತಿಟ್ಟುಕೊಂಡೇ ಮುಂದಿನ ಕಾಯಿ ಸುಲಿಯಲಿ. ಬರೆಯುವಾಗಲೂ ಇದೇ ಹಂಚಿಕೆ: ಈ ಎರಡು ಬೆರಳು ಮಡಿಚಿ ಹಾಳೆಗೆ ಆನುತ್ತವೆ, ಉಳಿದ ಮೂರು ಆಡುತ್ತವೆ. ಕಾಳು ಬಾಯಿಗೋ ಮೂಗಿಗೋ ಹಾಕಿಕೊಳ್ಳುವ ವಯಸ್ಸಿನವರಿಗೆ ಮಾತ್ರ ಇದು ಬೇಡವೇ ಬೇಡ.

ಕಲೆಸಿದ ಹಿಟ್ಟೂ ಬೆರಳಿಗೆ ಕೆಲಸ ಕೊಡುತ್ತದೆ, ಆದರೆ ಹಿಟ್ಟು ಹಿಟ್ಟಿಗೂ ವ್ಯತ್ಯಾಸವಿದೆ. ಜೋಳದ ಹಿಟ್ಟಿನಲ್ಲಿ ಗ್ಲುಟೆನ್ ಎಂಬ ಅಂಟು ಇಲ್ಲ, ಎಳೆದರೆ ಹರಿಯುತ್ತದೆ. ಬಿಸಿನೀರಲ್ಲಿ ಕಲೆಸಿದ್ದು ಆರಿದ ಮೇಲೆ ನಾದಲು, ಬಡಿಯಲು ಕೊಡಿ. ಚಿವುಟಿ ಎಳೆಯಲು ಚಪಾತಿ ಹಿಟ್ಟೇ ಸರಿ. ನಿಂಬೆಹಣ್ಣಿನ ಗಾತ್ರದ ಉಂಡೆಯಲ್ಲಿ ಐದಾರು ಕಾಳು ಹುದುಗಿಸಿ, ಒಂದೊಂದಾಗಿ ತೆಗೆಸಿ.

ಪಾಟಿಯನ್ನು ಗೋಡೆಗೆ, ಮಗುವಿನ ಕಣ್ಣಿನ ಎತ್ತರಕ್ಕೆ ತೂಗುಹಾಕಿ. ನಿಂತು ಬರೆದರೆ ಭುಜ ಗಟ್ಟಿಯಾಗುತ್ತದೆ, ಮಣಿಕಟ್ಟು ತುಸು ಹಿಂದಕ್ಕೆ ಬಾಗುತ್ತದೆ. ಬೆರಳ ಹಿಡಿತಕ್ಕೆ ಬಲ ಬರುವುದು ಆ ಭಂಗಿಯಲ್ಲೇ. ಬಳಪವನ್ನು ಒಂದು ಇಂಚಿಗೆ ಮುರಿದು ಕೊಡಿ. ಅಷ್ಟು ಚಿಕ್ಕದನ್ನು ಮುಷ್ಟಿಯಲ್ಲಿ ಹಿಡಿದು ಬರೆಯಲಾಗದು.

ದಿನಕ್ಕೆ ಹತ್ತು ನಿಮಿಷ ಸಾಕು, ಕೈ ದಣಿಯುವ ಮುಂಚೆಯೇ ನಿಲ್ಲಿಸಿ. ಒಂದು ಕೈ ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ಸೋತಿದ್ದರೆ, ಇಲ್ಲವೇ ಗುಂಡಿ ಹಾಕುವುದು, ತುತ್ತು ಕಲೆಸುವುದೂ ಕಷ್ಟವಾದರೆ ಮಕ್ಕಳ ವೈದ್ಯರಿಗೆ ತೋರಿಸಿ.