ಗೋಬರ್ ಗ್ಯಾಸ್ ಮತ್ತು ಗೋಲಿ ಸೋಡಾ

ಶಿರಸಿ ಸೀಮೆಯ ಅಡುಗೆಮನೆಗಳಲ್ಲಿ ದಶಕಗಳಿಂದ ಉರಿಯುತ್ತಿರುವ ಗೋಬರ್ ಗ್ಯಾಸನ್ನು ಹಾಗೆಯೇ ಸಿಲಿಂಡರಿಗೆ ತುಂಬಿ ಕಾರು ಓಡಿಸಬಾರದೇಕೆ ಎಂದು ಕೇಳುವವರಿದ್ದಾರೆ. ತೈಲ ಕಂಪನಿಗಳು ಬಿಡುವುದಿಲ್ಲ ಎಂಬ ಉತ್ತರವನ್ನೂ ತಾವೇ ಕೊಟ್ಟುಕೊಳ್ಳುತ್ತಾರೆ. ಅಡ್ಡಿ ಇರುವುದು ಅನಿಲದ ತೂಕದಲ್ಲಿ.

ಸಗಣಿ ತೊಟ್ಟಿಯ ಅನಿಲದಲ್ಲಿ ಗಾತ್ರದ ಲೆಕ್ಕಕ್ಕೆ ನೂರರಲ್ಲಿ 60 ಪಾಲು ಉರಿಯುವ ಮೀಥೇನ್, ಉಳಿದದ್ದು ಬಹುತೇಕ ಉರಿಯದ ಇಂಗಾಲದ ಡೈಆಕ್ಸೈಡ್ ಎಂದಿಟ್ಟುಕೊಳ್ಳೋಣ. ಮೀಥೇನಿನ ಅಣುತೂಕ 16, ಡೈಆಕ್ಸೈಡಿನದು 44. ಗುಣಿಸಿ ನೋಡಿದರೆ ತಕ್ಕಡಿಯಲ್ಲಿ ಇಂಧನದ ಪಾಲು 35ಕ್ಕೆ ಇಳಿಯುತ್ತದೆ. ಗಾಡಿ ಹೊರುವ ಪ್ರತಿ ಕಿಲೋದಲ್ಲಿ ಸುಮಾರು 650 ಗ್ರಾಂ ಉರಿಯದ ಹೊರೆ. ಒಲೆ ಕುಳಿತಲ್ಲೇ ಕುಳಿತಿರುವುದರಿಂದ ಅದಕ್ಕೆ ಈ ಚಿಂತೆಯಿಲ್ಲ. ಎಲ್‌ಪಿಜಿಯಂತೆ ದ್ರವವಾಗಿಸೋಣವೆಂದರೆ, ಸೊನ್ನೆಗಿಂತ 82 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿಯುವ ತನಕ ಮೀಥೇನ್ ಎಷ್ಟು ಒತ್ತಿದರೂ ದ್ರವವಾಗದು. ಆದ್ದರಿಂದ ಡೈಆಕ್ಸೈಡನ್ನು ತೆಗೆದು ಶುದ್ಧೀಕರಿಸಿ, 200ರಿಂದ 250 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲ ಗಾಳಿಯ ಒತ್ತಡ) ಒತ್ತಡದಲ್ಲಿ ಅನಿಲವಾಗಿಯೇ ತುಂಬಬೇಕು.

ಶುದ್ಧೀಕರಣಕ್ಕೆ ಪೊರೆ, ಹೀರುವ ಹರಳು, ಡೈಆಕ್ಸೈಡನ್ನು ಹಿಡಿದಿಡುವ ಅಮೀನ್ ಎಂಬ ರಾಸಾಯನಿಕದ ದ್ರಾವಣ ಹೀಗೆ ಹಲವು ದಾರಿಗಳಿದ್ದರೂ ನನಗೆ ಬಲು ಮೆಚ್ಚಿನದು ಬರಿಯ ನೀರು. ಗೋಲಿ ಸೋಡಾ ಸೀಸೆಯನ್ನು ನೆನೆಯಿರಿ: ಒತ್ತಡವಿರುವ ತನಕ ನೀರಿನಲ್ಲಿ ಅಡಗಿದ್ದ ಡೈಆಕ್ಸೈಡ್, ಗೋಲಿ ಒಳಕ್ಕೆ ಜಾರಿದೊಡನೆ ಬುಸುಗುಟ್ಟುತ್ತ ಹೊರಬರುತ್ತದೆ. ಒತ್ತಡ ಹೆಚ್ಚಿದಂತೆ ಅನಿಲ ಹೆಚ್ಚು ಕರಗುತ್ತದೆಂಬ ನಿಯಮವನ್ನು 1803ರಲ್ಲಿ ನಿರೂಪಿಸಿದ ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿಯ ತಂದೆ ಥಾಮಸ್ ಹೆನ್ರಿ ಸೋಡಾ ನೀರು ತಯಾರಿಸಿ ಮಾರುತ್ತಿದ್ದ ಔಷಧ ವ್ಯಾಪಾರಿ. ಮಗನ ವಿಜ್ಞಾನಕ್ಕೆ ಮನೆಯ ಸೀಸೆಯ ವಾಸನೆಯಿದೆ! ಶುದ್ಧೀಕರಣದ ಗೋಪುರವೂ ಎತ್ತರದ ಸೋಡಾ ಸೀಸೆಯೇ. ಕೆಳಗಿನಿಂದ ಒತ್ತಡದ ಅನಿಲ ಏರುತ್ತದೆ, ಮೇಲಿನಿಂದ ನೀರು ಇಳಿಯುತ್ತದೆ. ಕೋಣೆಯ ಉಷ್ಣತೆಯಲ್ಲಿ ಡೈಆಕ್ಸೈಡ್ ಮೀಥೇನಿಗಿಂತ ಇಪ್ಪತ್ತು ಪಟ್ಟಿಗೂ ಮಿಕ್ಕಿ ಕರಗುವುದರಿಂದ, ಅದು ಊಟದ ಪಂಕ್ತಿ ಕಂಡ ನೆಂಟನಂತೆ ನೀರಿನಲ್ಲಿ ಕುಳಿತುಬಿಡುತ್ತದೆ. ಎಣ್ಣೆಯ ಸ್ವಭಾವದ ಮೀಥೇನ್ ಕೈ ಒದ್ದೆಯಾಗದಂತೆ ಮೇಲೇರುತ್ತದೆ. ಎರಡನೆಯ ಗೋಪುರದಲ್ಲಿ ಒತ್ತಡ ಇಳಿಸಿ ಗಾಳಿ ಹಾಯಿಸಿದರೆ ಸೋಡಾ ಮರಳಿ ನೀರಾಗುತ್ತದೆ. ನಡುವೆ ಇನ್ನೊಂದು ತೊಟ್ಟಿ ಬೇಕು: ಜೊತೆಯಲ್ಲಿ ಕರಗಿಹೋದ ಅಲ್ಪಸ್ವಲ್ಪ ಮೀಥೇನನ್ನು ಅಲ್ಲಿ ಹಿಡಿದು ಹಿಂದಿರುಗಿಸದಿದ್ದರೆ, ನೂರು ವರ್ಷಗಳ ಲೆಕ್ಕದಲ್ಲಿ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಭೂಮಿಯನ್ನು ಬಿಸಿಮಾಡುವ ಅನಿಲವನ್ನು ನಾವೇ ಆಕಾಶಕ್ಕೆ ಬಿಟ್ಟಂತಾಗುತ್ತದೆ.

ಗೋಬರ್ ಗ್ಯಾಸಿನಲ್ಲಿ ಅಲ್ಪ ಪ್ರಮಾಣದಲ್ಲಿರುವ, ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಎಂಬ ಗಂಧಕದ ಅನಿಲ ತೇವದೊಡನೆ ಸೇರಿ ಲೋಹವನ್ನು ತಿನ್ನುತ್ತದೆ. ಅದನ್ನು ಹಿಡಿಯಲು ತುಕ್ಕು ಹಿಡಿದ ಕಬ್ಬಿಣದ ಚೂರುಗಳೇ ಸಾಕು. ಕೆಂಪು ತುಕ್ಕು ಗಂಧಕವನ್ನು ಹೀರುತ್ತ ಕಪ್ಪಾಗುತ್ತದೆ. ಕೊನೆಗೆ ತೇವವನ್ನೂ ತೆಗೆದು ಒಣಗಿಸಿದ ಅನಿಲ ಸಿಎನ್‌ಜಿ ಎಂಜಿನ್ನಿಗೆ ಯಾವ ಮಾರ್ಪಾಡೂ ಇಲ್ಲದೆ ಒಗ್ಗುತ್ತದೆ.

2022ರ ಫೆಬ್ರವರಿಯಲ್ಲಿ ಇಂದೋರಿನಲ್ಲಿ ಉದ್ಘಾಟನೆಯಾದ ಸ್ಥಾವರವನ್ನು ದಿನಕ್ಕೆ 550 ಟನ್ ಹಸಿಕಸದಿಂದ ಸುಮಾರು 17 ಟನ್ ಇಂತಹ ಅನಿಲ ತಯಾರಿಸಿ ನಗರದ ಬಸ್ಸುಗಳಿಗೂ ಒದಗಿಸುವಂತೆ ರೂಪಿಸಲಾಗಿದೆ. ಅಲ್ಲಿ ಮೊದಲ ಶುದ್ಧೀಕರಣ ನಡೆಯುವುದು ಮನೆಬಾಗಿಲಿನಲ್ಲಿ, ಹಸಿಕಸ ಒಣಕಸಗಳ ಎರಡು ಬುಟ್ಟಿಗಳ ನಡುವೆ.