ಹತ್ತು ಅಡಿ ಹಳ್ಳ ದಾಟಲು ಎಷ್ಟು ಅಡಿ ಹಾರಬೇಕು?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬುದು ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಹಾಕಿ ಆಡುವ ಕಥೆಯಾಟ. ಅದರಲ್ಲಿ ರಾಕ್ಷಸರಿದ್ದಾರೆ, ಮಂತ್ರಗಳಿವೆ, ಹಾರುವ ಹಾವುಗಳಿವೆ. ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳದ ಆಟಗಾರರು ಒಂದು ಹಳ್ಳ ಹಾರುವಾಗ ವಾದಕ್ಕೆ ಇಳಿಯುತ್ತಾರೆ.

ನಕ್ಷೆಯ ಮೇಲೆ ಹತ್ತು ಅಡಿ ಅಗಲದ ಹಳ್ಳ ಇದೆ ಅಂದುಕೊಳ್ಳಿ. ಪಾತ್ರದ ಸ್ಟ್ರೆಂತ್, ಅಂದರೆ ಮೈಬಲದ ಅಂಕ, 10. ಆಟದ ನಿಯಮ ಪುಸ್ತಕದ 2014ರ ಐದನೇ ಆವೃತ್ತಿ ಹೇಳುವುದು ಇಷ್ಟು: ಹತ್ತು ಅಡಿ ಓಡಿಬಂದು ಜಿಗಿದರೆ ಸ್ಟ್ರೆಂತ್ ಎಷ್ಟಿದೆಯೋ ಅಷ್ಟು ಅಡಿ ಹಾರಬಹುದು, ನಿಂತಲ್ಲಿಂದ ಜಿಗಿದರೆ ಅದರ ಅರ್ಧ. ಹಾಗಾದರೆ ದಾಟಿದಂತೆಯೇ ಅಲ್ವಾ? ಆದರೆ ನಕ್ಷೆಯ ಒಂದೊಂದು ಮನೆ ಐದು ಅಡಿ. ಈ ದಡದ ಮನೆಯಿಂದ ಆ ದಡದ ಮನೆಗೆ ಹೋಗಲು ಹಳ್ಳದ ಎರಡು ಮನೆ, ಇಳಿಯುವ ಒಂದು ಮನೆ, ಒಟ್ಟು ಮೂರು. ಅಂದರೆ 15 ಅಡಿ. ಹತ್ತು ಸಾಕು ಎನ್ನುವವರೂ ಹದಿನೈದು ಬೇಕು ಎನ್ನುವವರೂ ಓದುವುದು ಅದೇ ಪುಸ್ತಕವನ್ನೇ.

ಈ ಗೊಂದಲ ಆಟದ ಹುಟ್ಟಿನಿಂದಲೇ ಬಂದದ್ದು. 1971ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 'ಚೈನ್‌ಮೇಲ್' ಎಂಬ ಯುದ್ಧದ ಆಟ ಹೊರತಂದರು. ಮೇಜಿನ ಮೇಲೆ ಪುಟ್ಟ ಸೈನಿಕರ ಗೊಂಬೆಗಳು, ಎಷ್ಟು ಇಂಚು ಸರಿಸಬಹುದು ಎಂಬ ಲೆಕ್ಕ. 1974ರಲ್ಲಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತಂದಾಗ ಆ ಇಂಚುಗಳೂ ಜೊತೆಗೆ ಬಂದವು. ನೆಲಮಾಳಿಗೆಯೊಳಗೆ ಒಂದು ಇಂಚು ಅಂದರೆ ಹತ್ತು ಅಡಿ, ಬಯಲಲ್ಲಿ ಹತ್ತು ಗಜ. ನಡಿಗೆಗೆ ಮೊದಲಿನಿಂದಲೂ ಅಳತೆ ಇತ್ತು. ಜಿಗಿತಕ್ಕೆ ಎಲ್ಲರಿಗೂ ಅನ್ವಯಿಸುವ ನಿಯಮ ಇರಲಿಲ್ಲ. ಆಟ ನಡೆಸುವವರು ಆಗುತ್ತದೆ ಅಂದರೆ ಆಯಿತು.

ಆಮೇಲೂ ಅದು ತುಂಡು ತುಂಡಾಗಿಯೇ ಸೇರಿತು. 1978ರ ಪುಸ್ತಕದಲ್ಲಿ 'ಜಂಪ್' ಎಂಬ ಮಂತ್ರ ಬಂತು: ಮುಂದಕ್ಕೆ 30 ಅಡಿ ಜಿಗಿತ. 1985ರಲ್ಲಿ ಕಳ್ಳ-ಕಸರತ್ತುಗಾರ ಎಂಬ ಒಂದು ಬಗೆಯ ಪಾತ್ರಕ್ಕೆ ಜಿಗಿತದ ಕೋಷ್ಟಕ ಸಿಕ್ಕಿತು. 1989ರ ಎರಡನೇ ಆವೃತ್ತಿಯಲ್ಲಿ ಬೇಕಾದವರು ಕಲಿಯಬಹುದಾದ ವಿದ್ಯೆಗಳಲ್ಲಿ ಜಿಗಿತವೂ ಒಂದಾಯಿತು.

ಸರಿಯಾಗಿ ಕೂತು ಯೋಚಿಸಿದ್ದು ಮೂರನೇ ಆವೃತ್ತಿಯವರು. ವಿಝರ್ಡ್ಸ್ ಆಫ್ ದ ಕೋಸ್ಟ್ 1997ರಲ್ಲಿ, ಅಲ್ಲಿಯವರೆಗೆ ಆಟ ಹೊರತರುತ್ತಿದ್ದ ಕಂಪನಿಯನ್ನು ಕೊಂಡು, 2000ದಲ್ಲಿ ಇದನ್ನು ತಂದಿತು. ಇಪ್ಪತ್ತು ಮುಖದ ದಾಳ ಹಾಕಿ, ಪಾತ್ರದ ಕೌಶಲ ಕೂಡಿಸಿ, ಎಷ್ಟು ದೂರ ಎಂದು ನೋಡಬೇಕು. 2003ರ ಪರಿಷ್ಕರಣೆಯಲ್ಲಿ ವೇಗವಾಗಿ ಓಡುವವರಿಗೆ ಅಂಕ ಜಾಸ್ತಿ, ನಿಧಾನದವರಿಗೆ ಕಡಿತ. ಜಿಗಿತದ ನಡುವೆ ನಡೆ (ಒಂದು ಸರದಿಯಲ್ಲಿ ಸಾಗಬಹುದಾದ ದೂರ) ಮುಗಿದುಹೋದರೆ, ಮುಂದಿನ ಕ್ರಿಯೆಯಲ್ಲಿ ಆ ಜಿಗಿತವನ್ನೇ ಪೂರ್ತಿ ಮಾಡಬೇಕು ಎಂದೂ ಬರೆದರು. ನನ್ನ ಪ್ರಕಾರ ಇಡೀ ಆಟದಲ್ಲಿ ಜಿಗಿತದ ಬಗ್ಗೆ ಬಂದ ಅತ್ಯಂತ ಉಪಯುಕ್ತ ವಾಕ್ಯ ಅದು.

2014ರಲ್ಲಿ ಆ ವಾಕ್ಯ ಉಳಿಯಲಿಲ್ಲ. ಮಾಮೂಲಿ ಜಿಗಿತಕ್ಕೆ ದಾಳವೂ ಬೇಡವಾಯಿತು. ಈ ಸರಳತೆ ನನಗೆ ಇಷ್ಟ. ಹಾರುವ ಮೊದಲೇ ಎಷ್ಟು ಹಾರುತ್ತೇನೆಂದು ಗೊತ್ತಿದ್ದರೆ ಆಟಗಾರರು ಧೈರ್ಯ ಮಾಡುತ್ತಾರೆ. ಸ್ಟ್ರೆಂತ್ 20 ಇರುವ ವೀರ ಕವಚ ತೊಟ್ಟೂ 20 ಅಡಿ ಹಾರುತ್ತಾನೆ, ಒಮ್ಮೆಯೂ ತಪ್ಪುವುದಿಲ್ಲ. ಮೈಕ್ ಪೊವೆಲ್ 1991ರಲ್ಲಿ ಟೋಕಿಯೊದಲ್ಲಿ ಹಾರಿದ 8.95 ಮೀಟರ್, ಅಂದರೆ 29 ಅಡಿಗೂ ಸ್ವಲ್ಪ ಹೆಚ್ಚು, ಅವನಿಗೆ ಎಟುಕುವುದಿಲ್ಲ ಅಷ್ಟೆ.

ತೊಂದರೆ ಇರುವುದು ಮುಂದಿನ ಸಾಲಿನಲ್ಲಿ: ಹಾರಿದ ಒಂದೊಂದು ಅಡಿಗೂ ಒಂದು ಅಡಿ ನಡೆ ಖರ್ಚು. ಜಂಪ್ ಮಂತ್ರ ಆಗ ಜಿಗಿತವನ್ನು ಮೂರು ಪಟ್ಟು ಮಾಡುತ್ತಿತ್ತು. ನಮ್ಮ ವೀರನಿಗೆ 60 ಅಡಿ! ಆದರೆ ಒಂದು ಸರದಿಯಲ್ಲಿ ಅವನ ನಡೆ 30 ಅಡಿ. ಹತ್ತು ಅಡಿ ಓಟಕ್ಕೆ ಹೋಯಿತು, ಉಳಿದದ್ದು 20. ಮಂತ್ರವೇ ಇಲ್ಲದೆ ಅವನು ಹಾರುತ್ತಿದ್ದುದೂ ಅಷ್ಟೇ. ಡ್ಯಾಶ್ ಮಾಡಿ ನಡೆಯನ್ನು ದುಪ್ಪಟ್ಟು ಮಾಡಿಕೊಂಡರೂ 50 ಅಡಿಗೆ ನಿಲ್ಲುತ್ತಾನೆ. ಮಿಕ್ಕ ದೂರವನ್ನು ಮುಂದಿನ ಸರದಿಯಲ್ಲಿ ಹಾರಬಹುದೇ, ಅಲ್ಲಿಯವರೆಗೆ ಗಾಳಿಯಲ್ಲೇ ಇರುತ್ತಾನೆಯೇ? 2003ರ ವಾಕ್ಯ ಬೇಕಿದ್ದದ್ದು ಇಲ್ಲಿಗೇ.

2024ರ ಪುಸ್ತಕ ಮಂತ್ರವನ್ನೇ ಬದಲಿಸಿತು. ಹತ್ತು ಅಡಿ ನಡೆ ಕೊಟ್ಟು, ಸರದಿಗೊಮ್ಮೆ 30 ಅಡಿ ಹಾರಬಹುದು. 1978ರ ಅದೇ 30 ಅಡಿ! ಒಳ್ಳೆಯ ತಿದ್ದುಪಡಿ, ತುಂಬಾ ತಡವಾಗಿ ಬಂತು. ಮಂತ್ರವಿಲ್ಲದ ಜಿಗಿತಕ್ಕೆ ಮಾತ್ರ ಅಡಿಗೆ ಅಡಿ ಲೆಕ್ಕ ಹಾಗೇ ಇದೆ.

ಇನ್ನು ಆ ಹತ್ತು ಅಡಿ ಹಳ್ಳ. ಜಿಗಿತ ಮತ್ತು ನಡೆಯನ್ನು ಬೇರೆ ಬೇರೆ ಅಳೆಯಬೇಕು ಎಂಬುದು ನನ್ನ ಅಭಿಪ್ರಾಯ. ದಡದ ಅಂಚಿನಿಂದ ಅಂಚಿಗೆ ಹತ್ತು ಅಡಿ, ಹಾಗಾಗಿ ಸ್ಟ್ರೆಂತ್ 10 ಸಾಕು. ನಡೆಯ ಲೆಕ್ಕ ಮನೆಗಳದ್ದು: ಓಟಕ್ಕೆ 10, ಆಚೆ ಮನೆಯಲ್ಲಿ ಇಳಿಯುವವರೆಗೆ 15. ಸರದಿಗೆ 30 ಅಡಿ ನಡೆ ಇದ್ದವನಿಗೆ ಇನ್ನೂ ಐದು ಅಡಿ ಉಳಿಯುತ್ತದೆ. ಸ್ಟ್ರೆಂತ್ 9 ಇದ್ದವನು ಕೇಳಿದರೆ ಸುಮ್ನೆ ಇಲ್ಲ ಅನ್ನಬೇಡಿ. ಮಾಮೂಲಿಗಿಂತ ದೂರ ಹಾರಲು ಅಥ್ಲೆಟಿಕ್ಸ್ ಎಂಬ ಕೌಶಲದ ದಾಳ ಹಾಕಿಸುವ ಅವಕಾಶ 2014ರ ಪುಸ್ತಕದಲ್ಲೇ ಇದೆ.